ಅವಧಿ ಮುಗಿದ ಉಪಗ್ರಹದ ವಿಚಾರಣೆ

ದೊಡ್ಡಮ್ಮನಿಗೆ,

ಸುಖವಾಗಿ ತಲುಪಿದೆ. ಭೂಮಿಯ ಫೋಟೊ ತೆಗೆಯುವ ನಮ್ಮ ಕಚೇರಿಯ ಸರ್ಕಾರಿ ಉಪಗ್ರಹಕ್ಕೆ ಹಣ ಮಂಜೂರಾಗಿದ್ದು ಮೂರೇ ವರ್ಷಕ್ಕೆ. ಅದೋ ಏಳನೇ ವರ್ಷವೂ ಗಾಣದೆತ್ತಿನಂತೆ ಸುತ್ತುತ್ತಲೇ ಇದೆ. ಅದಕ್ಕೊಂದು ವಿಚಾರಣಾ ಸಮಿತಿ ಕೂತಿದೆ.

"ಅನುಮತಿ ಇಲ್ಲದೆ ಹೇಗ್ರೀ ಕೆಲಸ ಮಾಡ್ತಿದೆ?" ಎಂದು ಅಧ್ಯಕ್ಷರು ಕೇಳಿದರು.

"ಅವಧಿ ಮುಗೀತು ಅಂತ ಅದಕ್ಕೆ ಗೊತ್ತಿಲ್ಲ ಸಾರ್," ಎಂದರು ನಮ್ಮ ಮುಖ್ಯಸ್ಥರು.

"ಹಾಗಾದ್ರೆ ತಿಳಿಸಿ."

ತಿಳಿಸುವುದೆಂದರೆ ಗುಂಡಿ ಒತ್ತಿ ಅದನ್ನು ಆರಿಸುವುದು. ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಅಷ್ಟರಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ, ತಕ್ಷಣ ಫೋಟೊ ಬೇಕು ಎಂದು ಫೋನ್ ಬಂತು. ಆ ಹೊತ್ತಿಗೆ ಕಾಡಿನ ನೆತ್ತಿಯ ಮೇಲಿದ್ದದ್ದು ನಮ್ಮ ಆರೋಪಿ ಮಾತ್ರ. ಬೆಂಕಿ ಯಾವ ಊರಿನತ್ತ ಹೊರಟಿದೆ ಎಂದು ತೋರಿಸಿತು, ಜನರನ್ನು ಮೊದಲೇ ತೆರವು ಮಾಡಿಸಿದರು. ಸಮಿತಿಯವರು ಚಪ್ಪಾಳೆ ತಟ್ಟಿ, ಬಿಸ್ಕತ್ತು ತಿಂದು, ವಿಚಾರಣೆ ಮುಂದುವರಿಸಿದರು. ಈಗ ಹೊಸ ಆರೋಪವೊಂದು ಸೇರಿದೆ: ಅನುಮತಿಯಿಲ್ಲದೆ ಫೋಟೊ ತೆಗೆದದ್ದು.

ನೀವು ಕೊಟ್ಟ ಮಾತ್ರೆಗೆ ಕೆಮ್ಮು ನಿಂತಿದೆ. ರಿಟೈರಾದ ಮೇಲೂ ನೀವು ದಿನಾ ಶಾಲೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ವಿಷಯವನ್ನು ಇಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಇನ್ನೂ ಗುಂಡಿ ಒತ್ತದ,
ನಿಮ್ಮ ತಂಗಿಯ ಮಗಳು