ಹೊಳೆಯ ಮೇಲೆ ನಡೆದು ಬರಬೇಡಿ

ವಿನೋಬನಗರ, ದಾವಣಗೆರೆ
ಜನವರಿ ೯, ಶುಕ್ರವಾರ

ಪ್ರೀತಿಯ ಯಜಮಾನರಿಗೆ ನಿಮ್ಮ ಭಾಗ್ಯಳ ನಮಸ್ಕಾರಗಳು.

ಹೇಗಿದ್ದೀರಿ? ಕಿವಿ ಮುಚ್ಚಿಕೊಳ್ಳುತ್ತಿದ್ದೀರಾ? ಬೆರಳು ಮರಗಟ್ಟಿದರೆ ಒಲೆಗೆ ಹಿಡಿಯದೆ ಕಂಕುಳಲ್ಲಿ ಇಟ್ಟುಕೊಳ್ಳಬೇಕು ಅಂತ ನೀವು ಉಳಿದುಕೊಂಡಿರುವ ಮನೆಯಜ್ಜ ಹೇಳಿದ್ದನ್ನು ಮರೆಯಬೇಡಿ. ಇಲ್ಲಿ ನಾನೂ ಅತ್ತೆಯವರೂ ಕ್ಷೇಮ. ಹೊಟ್ಟೆಯಲ್ಲಿರುವುದೂ ಕ್ಷೇಮ. ನಿನ್ನೆ ಮಧ್ಯಾಹ್ನ ಸ್ವಲ್ಪ ಹೊತ್ತು ಒದೆಯಲಿಲ್ಲ ಅಂತ ಆಸ್ಪತ್ರೆಗೆ ಓಡಿದೆ. "ಮಲ್ಕಂಡಿತ್ತಮ್ಮ, ನೀನೇ ಎಬ್ಬಿಸಿದ್ದಿ" ಅಂತ ನರ್ಸಮ್ಮ ಬೈದು ಕಳಿಸಿದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ನಗಬೇಡಿ. ಕವರಿನ ಮೇಲೆ ಸಿದ್ದೇಶ್ ಅಂತ ನಿಮ್ಮ ಹೆಸರು ಬರೆಯುವಾಗಲೇ ಕೈ ತಡೆಯಿತು.

ವರ್ಷದ ಕೊನೇ ದಿನ ನಿಮ್ಮ ಫೋನು ಬಂದಾಗ ನಾನು, "ಹೆರಿಗಿ ಹೊತ್ತಿಗೆ ಬರ್ಲಿಲ್ಲ ಅಂದ್ರ ಮಗೂ ಮುಖಾನೇ ತೋರ್ಸಲ್ಲ" ಅಂದುಬಿಟ್ಟೆ. ನೀವು, "ರಸ್ತೆ ಮುಚ್ಚೈತೆ, ಆದ್ರ ಹೊಳೆ ಹೆಪ್ಪುಗಟ್ಟೈತೆ, ಅಜ್ಜನ ಮಗನ ಜೊತಿ ಅದರ ಮ್ಯಾಲೇ ನಡ್ಕಂಡು ಬರ್ತೀನಿ" ಅನ್ನುವಷ್ಟರಲ್ಲಿ ಲೈನು ಹೋಯಿತು. ಅವತ್ತಿನಿಂದ ನೀವು ಸಿಗುತ್ತಿಲ್ಲ. ಲೇಹ್‌ನಲ್ಲಿರುವ ನಿಮ್ಮ ಆಫೀಸಿನ ಬಸವಕಿರಣ್, "ಹಿಮ ಬಿದ್ದು ಟವರ್ ಕೆಟ್ಟೈತ್ರೀ, ಕಾಗದ ಹಾಕ್ರಿ, ತಲುಪಿಸ್ತೀವಿ" ಅಂದರು. ರಸ್ತೆ ಕೆಲಸ ನಿಂತರೂ ಜೆಸಿಬಿ ಕಾಯೋಕೆ ನಿಮ್ಮೊಬ್ಬರನ್ನೇ ಆ ಲಡಾಖಿನ ಹಳ್ಳಿಯಲ್ಲಿ ಬಿಟ್ಟರಲ್ಲ, ಅವರಿಗೆ ಹೆಂಡತಿ ಮಕ್ಕಳು ಇಲ್ಲವೇನೋ.

ಅಲ್ಲಿಯವರ ಬಗ್ಗೆ ನನಗೆ ಭಯವಿಲ್ಲ. ನಿಮ್ಮ ಜೆಸಿಬಿಯ ಹಲ್ಲಿಗೂ ಬಗ್ಗದಷ್ಟು ನೆಲ ಕಲ್ಲಾಗುವ ಮೊದಲೇ ಗುಂಡಿ ತೋಡಿ ಮೂಲಂಗಿ, ಆಲೂಗಡ್ಡೆ ಹೂತಿಡುತ್ತಾರೆ, ಮೇಲೆ ಬಿದ್ದ ಹಿಮವೇ ಕಂಬಳಿಯಾಗಿ ಕಾಯುತ್ತದೆ ಅಂದಿದ್ದಿರಲ್ಲ, ಅದನ್ನು ಅತ್ತೆಗೆ ಹೇಳಿದೆ. ಲೋಕಿಕೆರೆಯ ಅವರ ತವರಲ್ಲಿ ಜೋಳ ತುಂಬಿ ಮುಚ್ಚುತ್ತಿದ್ದ ಹಗೇವು ನೆನಪಾಯಿತು ಅವರಿಗೆ. "ಹಂಗಾರ ನಮ್ಮಂಗೇ ಬದುಕೋ ಜನ ಬಿಡು" ಅಂದು ಸಮಾಧಾನ ಮಾಡಿಕೊಂಡರು. ಐಸು ಕಡಿದು ತಂದು ಒಲೆ ಮೇಲೆ ಕರಗಿಸಿ ಕುಡಿಯುತ್ತಾರೆ, ಚಳಿ ಬಂದರೇ ಹೊಳೆ ಗಟ್ಟಿಯಾಗಿ ದಾರಿ ತೆರೆಯಿತು ಅಂತ ಕಾಯುತ್ತಾರೆ. ಅದೆಲ್ಲ ಅವರಿಗೆ ಹುಟ್ಟಿನಿಂದ ಬಂದದ್ದು. ಮುಂದೆ ಹೋಗುವವನು ಕೋಲಿನಿಂದ ಐಸು ಕುಟ್ಟಿ, ಸದ್ದು ಕೇಳಿ, ಆಮೇಲೆ ಕಾಲಿಡುತ್ತಾನಂತೆ. ನಿಮಗೆ ಆ ಕಿವಿ ಎಲ್ಲಿದೆ? ಹರಿಹರದ ಸಂತೆಯಲ್ಲಿ ಹತ್ತು ಮಡಕೆ ತಟ್ಟಿ ಆರಿಸಿ ತಂದಿರಿ, ಎರಡೇ ದಿನಕ್ಕೆ ಸೋರಿತು. ಕಾಲು ಎತ್ತದೆ ಜಾರಿಸಿ ಜಾರಿಸಿ ನಡೆಯಬೇಕಂತೆ, ನೀವು ದಪದಪ ನಡೆಯುವವರು. ಮದುವೆಯಾದ ಹೊಸತರಲ್ಲಿ ತುಂಗಭದ್ರೆಗೆ ಇಳಿದಾಗ "ಹೆದರ್ಬ್ಯಾಡ, ನನ್ ಅಂಗಿ ಹಿಡ್ಕ" ಅಂದವರು ನೀವೇ ಮೊದಲು ಜಾರಿದಿರಿ. ಆ ಅಂಗಿ ಈಗ ನನ್ನ ತಲೆದಿಂಬಿನ ಮೇಲಿದೆ. ಒಗೆದಿಲ್ಲ. ಅತ್ತೆ ಬೈಯುತ್ತಾರೆ.

ಹೊರಟಿದ್ದರೆ ನಿಲ್ಲಿ. ಮೇ ತಿಂಗಳಿಗೆ ರಸ್ತೆ ಬಿಡುತ್ತದಂತೆ, ಬಸ್ಸಿನಲ್ಲೇ ಬನ್ನಿ. ಮುಖ ತೋರಿಸಲ್ಲ ಅಂದದ್ದು ಬಾಯಿಮಾತು, ನೀವು ಬರುವ ತನಕ ಮಗುವಿಗೆ ದಿನಾ ನಿಮ್ಮ ಫೋಟೋ ತೋರಿಸುತ್ತೇನೆ. ಡಾಕ್ಟರು ಫೆಬ್ರವರಿ ಕೊನೆ ಅಂದಿದ್ದಾರೆ. ಮುಂದಿನ ವಾರ ಕುಬುಸ ಮುಗಿಸಿ ಕುಕ್ಕುವಾಡದ ತವರಿಗೆ ಹೋಗುತ್ತೇನೆ, ನನ್ನ ಚಿಂತೆ ಬೇಡ.

ಮನೆಯಜ್ಜನಿಗೆ ನನ್ನ ಶರಣು ಹೇಳಿ. ಅತ್ತೆ ನಿಮ್ಮ ತಲೆ ಮೇಲೆ ಕೈಯಿಟ್ಟೆ ಅಂತ ಬರೆಯಲು ಹೇಳಿದರು, ಬರೆದಿದ್ದೇನೆ.

ದಾರಿ ನೋಡುತ್ತಿರುವ
ಭಾಗ್ಯಲಕ್ಷ್ಮಿ

ಇನ್ನೊಂದು ಮಾತು: ಕವರು ಅಂಟಿಸುವ ಮೊದಲು ವಿಳಾಸ ಕೇಳೋಣ ಅಂತ ಬಸವಕಿರಣ್‌ಗೆ ಫೋನು ಮಾಡಿದೆ. ನೀವಿನ್ನೂ ಲೇಹ್‌ಗೆ ಬಂದಿಲ್ಲವಂತೆ. ಅಜ್ಜನ ಮಗ ಸಾಮಾನಿಗೆ ಬಂದಾಗ ಈ ಕಾಗದ ಅವನ ಕೈಗೇ ಕೊಡುತ್ತಾರಂತೆ, ಅವನು ಅದೇ ಹೊಳೆಯ ಮೇಲೆ ನಡೆದು ತರುತ್ತಾನಂತೆ. ಬೇಡ ಅಂತ ಬರೆದದ್ದನ್ನು ಹೊತ್ತುಕೊಂಡು ಅವನು ನಡೆಯಬೇಕು! ಅವನಿಗೂ ಒಂದು ಪೊಟ್ಟಣ ಖಾರಮಂಡಕ್ಕಿ ಇಟ್ಟಿದ್ದೇನೆ. ಬಂದ ಕೂಡಲೇ ಬಿಸಿ ಟೀ ಕೊಡಿ. ಆಮೇಲೆ ಐಸು ಹೇಗೆ ಸದ್ದು ಮಾಡಿತು ಅಂತ ಕೇಳಿ. ಗಟ್ಟಿ ಇದೆ ಅಂದರೆ, ನಾನು ಮೇಲೆ ಬರೆದದ್ದು ಬಿಡಿ. ಅವನ ಅಂಗಿ ಹಿಡಿದುಕೊಂಡು, ಅವನು ಕಾಲಿಟ್ಟಲ್ಲೇ ಕಾಲಿಟ್ಟು, ಬಂದುಬಿಡಿ.