ಶಿವರಾತ್ರಿಗೆ ಮೊದಲೇ ಎದ್ದ ಗಡ್ಡೆ

ಕೊಣನೂರು
ಫೆಬ್ರವರಿ 20, 2025

ದಿವ್ಯಾ,

ಅಕ್ಕನ ಆಶೀರ್ವಾದ. ಕಾಗದ ಪೂರ್ತಿ ಓದಿದ ಮೇಲೂ ಈ ಆಶೀರ್ವಾದ ಬೇಕು ಅನ್ನಿಸಿದರೆ ಇಟ್ಟುಕೋ. ಧಾರವಾಡದಲ್ಲಿ ಚಳಿ ಹೇಗಿದೆ, ಹಾಸ್ಟೆಲ್ ಊಟ ಒಗ್ಗಿತಾ ಅಂತೆಲ್ಲ ಕೇಳಬೇಕು, ಕೇಳಿದ್ದೀನಿ ಅಂತಲೇ ತಿಳಕೋ. ಫೋನಲ್ಲಿ ಹೇಳೋಣ ಅಂದರೆ ನೀನು ನಡುವೆ ಬಾಯಿ ಹಾಕ್ತೀಯ, ನನಗೆ ರೇಗುತ್ತೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತೆ. ಅದಕ್ಕೇ ಬರೆಯೋಕೆ ಕೂತೆ.

ನಿನ್ನ ಆರ್ಕಿಡ್ ಗಡ್ಡೆ ಹಾಳು ಮಾಡಿದ್ದು ಅವ್ವ ಅಲ್ಲ ಕಣೇ, ನಾನು.

ಭಾನುವಾರ ವಿಡಿಯೋ ಕಾಲಲ್ಲಿ ಅವ್ವ, ಶುಂಠಿ ಅಂದ್ಕಂಡು ನಾನೇ ತೆಗೆದು ನೀರು ಹಾಕ್ಬುಟ್ಟೆ ಅಂದಳಲ್ಲ, ಅದು ಹಸೀ ಸುಳ್ಳು. ನೀನು ಹತ್ತು ನಿಮಿಷ ಬೈದೆ. ಸಿಕ್ಕಿಮ್‌ನಿಂದ ತರಿಸಿದ್ದು, ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದು, ಒಂದು ಡಬ್ಬಿ ನೋಡಿಕೊಳ್ಳೋಕೆ ನಿನ್ನ ಕೈಲಿ ಆಗಲಿಲ್ವಾ ಅಂತ. ಅವ್ವ ತಲೆ ತಗ್ಗಿಸಿಕೊಂಡು ಕೂತಿದ್ದಳು. ನಾನು ಅಡುಗೆಮನೆ ಬಾಗಿಲ ಮರೆಯಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಇನ್ನೂ ನಾಚಿಕೆಗೇಡು ಹೇಳಲಾ? ಆಗಲೂ ನನಗೆ ಹೊಟ್ಟೆಕಿಚ್ಚೇ ಆಗಿದ್ದು. ಬೈಯೋ ಸಲಿಗೆಯೂ ನಿನಗೇ! ನಾನೊಂದು ಮಾತು ಜೋರಾಗಿ ಆಡಿದರೆ ಅವ್ವ ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡ್ತಾಳೆ.

ನಡೆದದ್ದು ಹೇಳ್ತೀನಿ ಕೇಳು. ಡಿಸೆಂಬರಲ್ಲಿ ನೀನು ತರಬೇತಿಗೆ ಹೊರಟಾಗ ಅವ್ವ ಹಾಸನದ ನಿನ್ನ ಮನೆಯಿಂದ ಇಲ್ಲಿಗೆ ಬಂದಳಲ್ಲ. ಅಪ್ಪ ಹೋದ ಈ ಆರು ವರ್ಷದಲ್ಲಿ ಹಬ್ಬಕ್ಕೆ ಎರಡು ದಿನ ಬಂದು ಹೋಗಿದ್ದು ಬಿಟ್ಟರೆ ಅವಳು ನಮ್ಮ ಮನೆಯಲ್ಲಿ ಉಳಿದಿದ್ದು ಇದೇ ಮೊದಲು. ನಾನು ಕೋಣೆಗೆ ಸುಣ್ಣ ಹೊಡೆಸಿದ್ದೆ, ಹೊಸ ಕಂಬಳಿ ತಂದಿದ್ದೆ. ಬಸ್ಸಿಂದ ಇಳಿದವಳು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಫ್ರಿಜ್ ಎಲ್ಲೈತೆ ಅಂದಳು. ಕಂಕುಳಲ್ಲಿ ನಿನ್ನ ಸ್ಟೀಲ್ ಡಬ್ಬಿ. ಅದರ ಮೇಲೆ ನಿನ್ನ ದಪ್ಪ ಅಕ್ಷರದ ಚೀಟಿ, ಶಿವರಾತ್ರಿವರೆಗೆ ಮುಟ್ಟಬೇಡಿ, ನೀರು ಬೇಡ ಅಂತ. ಒಳಗೆ ನಾಲ್ಕು ಗಡ್ಡೆ, ಸಾಂಬಾರ್ ಈರುಳ್ಳಿಗಿಂತ ಒಂದು ಚೂರು ದಪ್ಪ. ಚಳಿಗಾಲ ಪೂರ್ತಿ ತಣ್ಣಗೆ, ಒಣಗಿದ ಹಾಗೆ ಮಲಗಿರಬೇಕಂತೆ. ಅವುಗಳ ನಿದ್ದೆ ಕೆಡಬಾರದು ಅಂತ ನನ್ನ ತರಕಾರಿಯನ್ನೆಲ್ಲ ಮೇಲಕ್ಕೆ ಎತ್ತಿಟ್ಟರು ನಮ್ಮ ತಾಯಿ.

ಆಮೇಲೆ ಶುರುವಾಯಿತು. ಉಣ್ಣೋಕೆ ಕೂತರೆ ದಿವ್ಯಾ, ಟೀ ಕುಡಿದರೆ ದಿವ್ಯಾ. ಅವಳ ಕೈಗುಣ ದೊಡ್ಡದು, ಒಣಕಡ್ಡಿ ನೆಟ್ಟರೂ ಚಿಗುರ್ತದೆ ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿದ್ದೇ ಹೇಳಿದ್ದು. ಎರಡು ಎಕರೆ ಶುಂಠಿ ಬೆಳೆಯೋ ನನ್ನ ಎದುರಿಗೇ! ಹಿತ್ತಲ ಗಿಡ ಮದ್ದಲ್ಲ ಬಿಡು. ನನ್ನ ಹೊಟ್ಟೆ ಉರಿದು ಹೋಯಿತು.

ಸಂಕ್ರಾಂತಿಗೆ ವಾರ ಇರುವಾಗ ಅವ್ವ ಚನ್ನರಾಯಪಟ್ಟಣಕ್ಕೆ ಚಿಕ್ಕಮ್ಮನನ್ನು ನೋಡೋಕೆ ಹೋದಳು. ನಾನು ಡಬ್ಬಿ ತೆಗೆದೆ. ಬಿತ್ತನೆ ಶುಂಠಿಗೆ ಏನು ಮಾಡ್ತೀವೋ ಅದನ್ನೇ ಮಾಡಿದೆ. ನೀರು ಚಿಮುಕಿಸಿ, ಹುಲ್ಲು ಮುಚ್ಚಿ, ಒಲೆ ಪಕ್ಕ ಬೆಚ್ಚಗಿಟ್ಟೆ. ವಾರದಲ್ಲಿ ಹಸಿರು ಮೂತಿ ಇಣುಕಿತು. ಕುಂಡಕ್ಕೆ ಹಾಕಿ, ಕೊಟ್ಟಿಗೆ ಗೊಬ್ಬರ ಸುರಿದು, ಅವ್ವ ವಾಪಸ್ ಬರೋ ಮುಂಚೆ ಹಿಂದಿನ ಶೆಡ್ಡಲ್ಲಿ ಬಚ್ಚಿಟ್ಟೆ, ಖಾಲಿ ಡಬ್ಬಿ ಫ್ರಿಜ್ಜಲ್ಲೇ ಇಟ್ಟೆ. ನೀನು ಬರೋ ಮುಂಚೆ ಅದು ನನ್ನ ಮನೆಯಲ್ಲಿ ಹೂ ಬಿಡಬೇಕು, ಅವ್ವ ಅದನ್ನು ನೋಡಿ ನನಗೆ, ನಿನ್ನ ಕೈಗುಣನೂ ಏನ್ ಕಮ್ಮಿ ಇಲ್ಲ ಕಣೇ ಅನ್ನಬೇಕು, ಇನ್ನು ಇಲ್ಲೇ ಇರ್ತೀನಿ ಅನ್ನಬೇಕು. ಹೂವು ಯಾರಿಗೆ ಬೇಕಿತ್ತು? ನನಗೆ ಅವ್ವ ಬೇಕಿತ್ತು.

ಮೊಳಕೆ ಬಿಳಿಚಿಕೊಂಡು ಉದ್ದುದ್ದ ಎದ್ದು ಮಗುಚಿ ಬಿತ್ತು. ಬುಡ ಮುಟ್ಟಿದರೆ ಮೆತ್ತಗೆ, ಕೊಳೆತ ವಾಸನೆ. ಬೇರು ಕೂಡ ಬಿಟ್ಟಿರಲಿಲ್ಲ, ಹಲ್ಲು ಬಾರದ ಕೂಸಿನ ಬಾಯಿಗೆ ಮುದ್ದೆ ತುರುಕಿದ ಹಾಗೆ ಗೊಬ್ಬರ ತುರುಕಿದ್ದೆ. ಹೆದರಿಕೊಂಡು ತೊಳೆದು ಒರೆಸಿ ಮತ್ತೆ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಟ್ಟುಬಿಟ್ಟೆ, ಯಾರಿಗೂ ಗೊತ್ತಾಗಲ್ಲ ಅಂತ. ಎರಡೇ ದಿನ, ಮೊಳಕೆ ಕಪ್ಪಾಯಿತು. ಅಷ್ಟರಲ್ಲಿ ಅವ್ವನೇ ಡಬ್ಬಿ ತೆಗೆದು ನೋಡಿಬಿಟ್ಟಳು. ಡಬ್ಬಿ ನನ್ನ ಕೈಗಿಟ್ಟು, ಹೊಳೆನರಸೀಪುರದಲ್ಲಿ ನರ್ಸರಿ ಶಿವಯ್ಯ ಅವ್ನೆ, ತಗಂಡೋಗಿ ತೋರ್ಸು ಅಂದಳು.

ಶಿವಯ್ಯ ನೋಡಿ ತಲೆ ಚಚ್ಚಿಕೊಂಡರು. ಎಬ್ಬಿಸಿದ ಮೇಲೆ ಮತ್ತೆ ಮಲಗಿಸೋಕಾಗಲ್ಲ ಕಣಮ್ಮ, ಎದ್ದದ್ದನ್ನ ನಿಧಾನಕ್ಕೆ ಸಾಕ್ಬೇಕು ಅಂದರು. ಕೊಳೆತ ಎರಡು ಗಡ್ಡೆ ಎಸೆದರು. ಉಳಿದ ಎರಡರ ಕಪ್ಪು ಭಾಗ ಕೊಯ್ದು, ಗಾಯಕ್ಕೆ ಇದ್ದಿಲ ಪುಡಿ ಒತ್ತಿ, ಮೂರು ದಿನ ನೆರಳಲ್ಲಿ ಒಣಗಿಸು ಅಂದರು. ಈಗ ಇದ್ದಿಲ ಚೂರು, ತೆಂಗಿನ ನಾರಿನ ಮೇಲೆ ಕೂರಿಸಿದ್ದೀನಿ, ಬಚ್ಚಲ ಪಕ್ಕ ಪೂರ್ವದ ಕಿಟಕಿಯಲ್ಲಿ. ಬೆಳಕಿದೆ, ಬಿಸಿಲಿಲ್ಲ, ನೀರಿನ ಡ್ರಮ್ಮು ಹತ್ತಿರ ಇರೋದರಿಂದ ತಂಪಾಗಿರುತ್ತೆ. ಗೊಬ್ಬರ ಸೋಕಿಸಿಲ್ಲ. ನಾರು ಒಣಗಿದಾಗ ಕುಂಡದ ಅಂಚಿಗೆ ನಾಲ್ಕು ಹನಿ, ಅಷ್ಟೇ. ಕೈ ತುರಿಸುತ್ತೆ ಇನ್ನೊಂದು ಚೂರು ಹಾಕೋಣ ಅಂತ, ಸೆರಗಿನಲ್ಲಿ ಕೈ ಸುತ್ತಿಕೊಂಡು ಆಚೆ ಬರ್ತೀನಿ. ನಿನ್ನ ಭಾವ ನೋಡಿ ನಗ್ತಾರೆ.

ಒಂದು ಗಡ್ಡೆ ಸುಕ್ಕುಗಟ್ಟಿದೆ, ಅದರ ಬಗ್ಗೆ ಏನೂ ಹೇಳಲಾರೆ. ಇನ್ನೊಂದು ಪಕ್ಕದಲ್ಲಿ ಉಗುರಿನಷ್ಟು ಹಸಿರು ಕಣ್ಣು ಬಿಟ್ಟಿದೆ, ನಿನ್ನೆ ಬುಡದಲ್ಲಿ ಎರಡು ಬಿಳಿ ಬೇರು ಕಂಡವು. ಈ ವರ್ಷ ಹೂ ಬಿಡಲ್ಲ. ಎಲೆ ಅರಳಿ ನಿಂತರೆ ಮುಂದಿನ ವರ್ಷಕ್ಕೆ ಹೊಸ ಗಡ್ಡೆ ಕಟ್ಟುತ್ತೆ ಅಂದಿದ್ದಾರೆ ಶಿವಯ್ಯ.

ಯಾಕವ್ವ ತಪ್ಪು ನಿನ್ನ ಮೇಲೆ ಹಾಕ್ಕೊಂಡೆ ಅಂತ ಭಾನುವಾರವೇ ಕೇಳಿದೆ. ಅವ್ಳು ನನ್ನ ಬೈದ್ರೆ ಸಂಜೆಗೆ ಮರೀತಾಳೆ, ನಿನ್ನ ಬೈದ್ರೆ ನೀವಿಬ್ರೂ ವರ್ಷಗಟ್ಟಲೆ ಮಾತು ಬಿಡ್ತೀರ ಅಂದಳು. ನೀನು ಅವ್ವನಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನು. ನನಗೆ ಬೈಯೋದಿದ್ದರೆ ಬರೆದು ಬೈ, ಎಷ್ಟು ಪುಟ ಆದರೂ ಓದ್ತೀನಿ.

ನಿನ್ನ ಹೊಟ್ಟೆಕಿಚ್ಚಿನ ಅಕ್ಕ,
ನೇತ್ರಾವತಿ

ತಾ. ಕ.: ಲಕೋಟೆ ಅಂಟಿಸೋ ಮುಂಚೆ ಅವ್ವನಿಗೆ ಇದನ್ನು ಓದಿ ಹೇಳಿದೆ. ನಾನಿಲ್ಲಿ ಇರ್ಲಿ ಅಂತ ಇಷ್ಟೆಲ್ಲ ಮಾಡಿದ್ಯಾ ಅಂದಳು. ಹೂಂ ಅಂದೆ. ಅದಕ್ಕೆ ಅವ್ವ, ಆರು ವರ್ಷದಲ್ಲಿ ಒಂದು ಸಲನಾದ್ರೂ, ಬಾರವ್ವ ನಮ್ಮನೇಲಿರು ಅಂದಿದ್ಯೇನೇ ನೀನು? ದಿವ್ಯಾ ಕರೆದ್ಲು, ಹೋದೆ ಅಂದಳು. ಎಷ್ಟು ಯೋಚಿಸಿದರೂ ನಿಜ ಕಣೇ, ನಾನು ಕರೆದೇ ಇಲ್ಲ. ಕರೆಯದೇನೇ ಬರಲಿ ಅಂತ ಕಾಯ್ತಿದ್ದೆ. ಕೂತು ಅತ್ತುಬಿಟ್ಟೆ, ಆಮೇಲೆ ಬಾಯಿ ಬಿಟ್ಟು ಕೇಳಿದೆ. ದೀಪಾವಳಿವರೆಗೂ ಇರ್ತಾಳಂತೆ. ಮಾರ್ಚಲ್ಲಿ ನೀನು ಬಂದು ಗಿಡ ತಗೊಂಡು ಹೋಗು. ದಮ್ಮಯ್ಯ, ಅವ್ವನನ್ನು ಮಾತ್ರ ಕರೀಬೇಡ.