ಎಂಟು ಜಿಬಿ ಮತ್ತು ಮುಚ್ಚಿದ ಕಪಾಟು

ಮಾರ್ಚ್ 14, ಭಾನುವಾರ ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ದಿನಕ್ಕೆ ಹನ್ನೆರಡು ಗಂಟೆ ಪರದೆಯ ಮುಂದೆ ಕೂತು ಸಮುದ್ರತಳದ ನಕ್ಷೆ ಮಾಡುವವರಿಗೆ ಹಡಗಿನವರು ಒಂದು ಸರಿಯಾದ ಕುರ್ಚಿ ಕೊಡುವುದಿಲ್ಲ ಎಂದು ನೀನು ಬರೆದಿದ್ದೆ. ಸೊಂಟಕ್ಕೆ ದಿಂಬು ಕೊಟ್ಟುಕೋ ಎಂದು ಹೇಳಲು ನಾನ್ಯಾರು; ನೆಟ್ಟಗೆ ಕೂರೋ ಎಂದು ನನ್ನ ಬೆನ್ನಿಗೆ ಗುದ್ದಿ ಬೆಳೆಸಿದವಳು ನೀನು. ಹಡಗಿಗೆ ಫೋನು ಸಿಗುವುದಿಲ್ಲವಾದ್ದರಿಂದ ಇದನ್ನು ಬಂದರಿನ ಕಚೇರಿಗೆ ಹಾಕುತ್ತಿದ್ದೇನೆ. ನೀನು ದಡ ಮುಟ್ಟುವ ಮೊದಲೇ ಇದು ಮುಟ್ಟಿರುತ್ತದೆ. ನಾನು ಚೆನ್ನಾಗಿದ್ದೇನೆ. ಕೆಮ್ಮು ಹೋಯಿತು.

ಇಲ್ಲಿಯ ಕೆಲಸ ನಿನಗೆ ಗೊತ್ತಿರುವುದೇ. ಅಂಗಡಿಗೆ ಬರುವ ಪ್ರತಿಯೊಂದು ಗ್ರಾಫಿಕ್ಸ್ ಕಾರ್ಡನ್ನೂ ಒಂದೇ ಕಂಪ್ಯೂಟರಿಗೆ ಸಿಕ್ಕಿಸಿ, ಒಂದೇ ದೃಶ್ಯವನ್ನು ಚಿತ್ರ ಮಾಡಲು ಕೊಟ್ಟು, ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಬಿಸಿಯಾಯಿತು, ಎಷ್ಟು ವಿದ್ಯುತ್ ನುಂಗಿತು ಎಂದು ಬರೆದು ಗೋಡೆಗೆ ಅಂಟಿಸುತ್ತೇನೆ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳು ಮದುವೆ ಫೋಟೋ ಇದ್ದ ಹಾಗೆ, ಎಲ್ಲರೂ ಚಂದವೇ. ಜನ ನಂಬುವುದು ನನ್ನ ಪಟ್ಟಿಯನ್ನು. ಅದಕ್ಕೇ ಎಲ್ಲರ ಬಾಯಲ್ಲಿ ನಾನು ಮೇಷ್ಟ್ರು. ಪರೀಕ್ಷೆಗೆ ಕೊಡುವ ದೃಶ್ಯ ಇವತ್ತಿಗೂ ನೀನು ಏಳು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಒಂದೊಂದೇ ವಸ್ತು ಕಟ್ಟಿ ಮಾಡಿಕೊಟ್ಟದ್ದೇ: ನಮ್ಮ ಹಳೆಯ ಬಾಡಿಗೆ ಮನೆಯ ಅಡುಗೆಮನೆ. ಕಿಟಕಿಯಿಂದ ಬೆಳಗಿನ ಬಿಸಿಲು, ಮೇಜಿನ ಮೇಲೆ ಗಾಜಿನ ಜಾಡಿ, ಹಿಂದೆ ಗೋಡೆಯಲ್ಲಿ ಮುಚ್ಚಿದ ಕಪಾಟು. "ಭಾರದ ಸೀನ್ ಬೇಕು ಅಂದ್ಯಲ್ಲ, ತಗೋ. ಬಾಗಿಲು ಗೀಗಿಲು ಮುಟ್ಟೋಕೆ ಹೋಗಬೇಡ, ಇದ್ದ ಹಾಗೇ ಓಡಿಸು" ಎಂದಿದ್ದೆ. ನಾನು ಮುಟ್ಟಿರಲಿಲ್ಲ. ಮೊದಲು ಓಡಿಸಿದ ಕಾರ್ಡು ನೆನಪಿದೆಯೆ? ಯಾವುದೋ ಸ್ಟುಡಿಯೋದವರು ಕೈಬಿಟ್ಟದ್ದು. ಮೆಮೊರಿ ಧಾರಾಳ, ವೇಗ ಮಾತ್ರ ಆಮೆಯದು. ಚಿತ್ರ ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಬರಲು ಹನ್ನೊಂದು ನಿಮಿಷ ಹಿಡಿದಿತ್ತು. ಜಾಡಿ ಕಾಣಿಸಿಕೊಳ್ಳುವವರೆಗೆ ಇಬ್ಬರೂ ಪರದೆಗೇ ಅಂಟಿಕೊಂಡು ಕೂತಿದ್ದೆವು.

ಕಳೆದ ಮಂಗಳವಾರ ಕಾರ್ಟೂನ್ ಮೇಡಂ ಬಂದಿದ್ದರು. ಮನೆಯಲ್ಲೇ ಕೂತು ಮಕ್ಕಳಿಗೆ ಕಿರುಚಿತ್ರ ಮಾಡುವವರು. ಗೋಡೆಯ ಪಟ್ಟಿ ನೋಡಿ ನಕ್ಕರು. "ಏನ್ರೀ ಮೇಷ್ಟ್ರೇ, ನೀವು ಫೇಲ್ ಮಾಡಿರೋ ಎಂಟು ಜಿಬಿ ಕಾರ್ಡು ನನ್ನ ಹತ್ರ ಎರಡು ವರ್ಷದಿಂದ ಕತ್ತೆ ಹಾಗೆ ದುಡೀತಾ ಇದೆ. ಫೇಲಾಗಿದ್ದು ಕಾರ್ಡೋ, ನಿಮ್ಮ ಪ್ರಶ್ನೆಪತ್ರಿಕೆಯೋ?" ನಾನು ನಗಲಿಲ್ಲ. ನನ್ನ ಪಟ್ಟಿ ನೋಡಿಯೇ ಒಂದು ಚಿತ್ರಕಲಾ ಶಾಲೆಯವರು ಅದೇ ಕಾರ್ಡು ಹದಿನಾಲ್ಕನ್ನು ವಾಪಸು ಕಳಿಸಿದ್ದರು. ಆ ವರ್ಷವೆಲ್ಲ ಅವರ ಮಕ್ಕಳು ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂತರು.

ಕಾರ್ಡಿನ ವೇಗ ಕೈಚಳಕವಾದರೆ ಮೆಮೊರಿ ಎನ್ನುವುದು ಕೆಲಸದ ಮೇಜು. ಬಟ್ಟೆ ಹರಡಲು ಮೇಜೇ ಸಾಲದಿದ್ದರೆ ಕತ್ತರಿ ಎಷ್ಟು ಹರಿತವಾಗಿದ್ದರೇನು? ದರ್ಜಿಯಾಗಿದ್ದ ಅಪ್ಪನಿಗೆ ಇಷ್ಟು ಹೇಳಿದ್ದರೆ ಉಳಿದದ್ದನ್ನು ಅವನೇ ಹೇಳುತ್ತಿದ್ದ. ನಮ್ಮ ಅಡುಗೆಮನೆಗೆ ಒಂಬತ್ತು ಜಿಬಿಗಿಂತ ಹೆಚ್ಚು ಮೇಜು ಬೇಕಾಗುತ್ತಿತ್ತು. ಎಂಟರ ಕಾರ್ಡು ನಡುವೆಯೇ ನಿಂತುಬಿಡುತ್ತಿತ್ತು. ಹನ್ನೆರಡರದು ಎಪ್ಪತ್ತೊಂದು ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಇಷ್ಟು ಚಿಕ್ಕ ಕೋಣೆಗೆ ಇಷ್ಟೊಂದು ಯಾಕೆ ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬುಧವಾರ ದೃಶ್ಯದ ಒಂದೊಂದೇ ವಸ್ತುವನ್ನು ತೆಗೆಯುತ್ತಾ ಅಳೆದೆ. ಜಾಡಿ ತೆಗೆದೆ, ಕಿಟಕಿ ತೆಗೆದೆ. ಅಂಕಿ ಹೆಚ್ಚೇನೂ ಕದಲಲಿಲ್ಲ. ಕಪಾಟಿನ ಒಳಗಿನದನ್ನು ತೆಗೆದ ಕೂಡಲೇ ಐದು ಜಿಬಿಗೆ ಇಳಿಯಿತು. ಬಾಗಿಲು ಮುಚ್ಚಿದ್ದರೂ ಒಳಗಿರುವುದನ್ನೆಲ್ಲ ಕಾರ್ಡು ಹೊತ್ತುಕೊಂಡೇ ಇರಬೇಕು, ಬೆಳಕು ಎಲ್ಲಿಗೆ ಹೋದೀತು ಎಂದು ಅದಕ್ಕೆ ಮೊದಲೇ ಗೊತ್ತಿರುವುದಿಲ್ಲ. ಕಪಾಟು ಖಾಲಿ ಮಾಡಿ ಓಡಿಸಿದರೆ ಎಂಟರ ಕಾರ್ಡು ನಲವತ್ತೆಂಟು ಸೆಕೆಂಡು, ಹನ್ನೆರಡರದು ಅರವತ್ತಮೂರು. ನಾನು ಕೊನೆಯ ಸಾಲಿನಲ್ಲಿ ಕೂರಿಸಿದ್ದವನೇ ಮೊದಲಿಗ.

ಒಳಗಿದ್ದದ್ದು ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಬಾಗಿಲು ತೆರೆಯದೆಯೇ ದೃಶ್ಯದ ವಸ್ತುಗಳ ಪಟ್ಟಿಯಲ್ಲಿ ಕಂಡಿತು: ಅಪ್ಪನ ಆ ನಾಲ್ಕು ತಗಡಿನ ಡಬ್ಬಿ, ಎರಡು ಸಾವಿರದ ಮುನ್ನೂರ ಹದಿನಾರು ಅಂಗಿ ಗುಂಡಿ. ಒಂದು ಗುಂಡಿ ಮಾಡಿ ಸಾವಿರ ಕಡೆ ನಕಲು ಇಟ್ಟಿದ್ದರೆ ಕಾರ್ಡಿಗೆ ಅದು ಒಂದೇ ಗುಂಡಿಯ ಭಾರ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಹಾಗೇ, ನನಗೆ ಹಾಗೆ ಮಾಡಲು ಕಲಿಸಿದವಳೂ ನೀನೇ. ಇಲ್ಲಿ ಒಂದೂ ನಕಲಲ್ಲ. ಒಂದೊಂದನ್ನೂ ಬೇರೆಯಾಗಿ ಮಾಡಿದ್ದೀಯ, ಅದೂ ನೆನಪಿನಿಂದಲೇ. ಕೆಲವು ತಪ್ಪಿವೆ. ಆ ಹಿತ್ತಾಳೆ ಗುಂಡಿಗಳಿಗೆ ನಾಲ್ಕು ತೂತು ಹಾಕಿದ್ದೀಯ, ಅವಕ್ಕೆ ತೂತಿರಲಿಲ್ಲ, ಹಿಂದೆ ಕೊಂಡಿ ಇತ್ತು. ಹಸಿರು ಗುಂಡಿ ಮಾತ್ರ ತಪ್ಪಿಲ್ಲ. ಅದನ್ನೊಂದನ್ನೇ ಪರದೆಯ ಮೇಲೆ ತಂದು ತಿರುಗಿಸಿ ನೋಡಿದೆ. ಅಂಚಿನಲ್ಲಿ ನನ್ನ ಹಾಲುಹಲ್ಲಿನ ಗುರುತಿದೆ.

ಅಂಗಡಿಯ ಯಜಮಾನರಿಗೆ ಇದೆಲ್ಲ ಬಾಲಿಶ. "ಕಾಣದೇ ಇರೋದಕ್ಕೆ ಯಾಕಪ್ಪಾ ಮಾರ್ಕು ಕಳೀತೀಯ? ತೆಗೆದು ಆಚೆ ಹಾಕು, ಸೋಮವಾರ ಹೊಸ ಪಟ್ಟಿ ಅಂಟಿಸು" ಎಂದರು. ಕಾರ್ಡುಗಳ ಮಟ್ಟಿಗೆ ಅವರ ಮಾತು ಸರಿ. ಕಪಾಟು ಖಾಲಿ ಮಾಡಿ ಅರವತ್ತೆರಡು ಕಾರ್ಡುಗಳಲ್ಲಿ ಐವತ್ತನ್ನು ಮತ್ತೆ ಓಡಿಸಿದ್ದೇನೆ, ಉಳಿದವು ಇವತ್ತು ಸಂಜೆಗೆ ಮುಗಿಯುತ್ತವೆ. ಹಳೆಯ ಪಟ್ಟಿ ತಪ್ಪಾಗಿತ್ತು, ತಪ್ಪು ನನ್ನದು ಎಂದು ಹೊಸದರ ತಲೆಯ ಮೇಲೇ ಬರೆಯುತ್ತೇನೆ. ಶಾಲೆಯವರಿಗೆ ಬೇರೆ ಪತ್ರ ಹಾಕಿದ್ದೇನೆ.

ಹಳೆಯ ದೃಶ್ಯವನ್ನು ಅಳಿಸಿಹಾಕದಂತೆ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಕಡತದ ತಾರೀಕು. ಮನೆ ಖಾಲಿ ಮಾಡಿದ ಮೇಲೆ ಹತ್ತೊಂಬತ್ತು ದಿನಕ್ಕೆ ಈ ದೃಶ್ಯ ಮುಗಿಸಿದ್ದೀಯ. ಅಪ್ಪ ಹೋಗಿ ಆಗಿನ್ನೂ ಎರಡು ತಿಂಗಳು. ಡಬ್ಬಿಗಳು ಎಲ್ಲಿ ಎಂದು ನೀನು ಕೇಳಿದ್ದೆ, ಸಾಮಾನು ಸಾಗಿಸಿದ ಲಾರಿಯಲ್ಲಿ ಕಳೆದುಹೋದವು ಎಂದೆ ನಾನು. "ಹೌದಾ" ಎಂದು ನೀನು ಲೋಟ ತೊಳೆಯಲು ಎದ್ದುಹೋದೆ. ಆಮೇಲೆ ಒಂದು ಸಲವೂ ಕೇಳಲಿಲ್ಲ. "ಜೋಡಿ ಇಲ್ಲ ಅಂತ ಬಿಸಾಕಬೇಡ್ರೋ, ಅದೇ ಗುಂಡಿ ಕಳ್ಕೊಂಡೋನು ಒಬ್ಬ ಬಂದೇ ಬರ್ತಾನೆ" ಎಂದು ಅಪ್ಪ ಹೇಳುತ್ತಿದ್ದದ್ದು ಈ ನಾಲ್ಕು ದಿನದಿಂದ ಕಿವಿಯಲ್ಲೇ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಒಂದೊಂದು ಗಂಟೆಗೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಸಮುದ್ರ ನಿನ್ನ ಮಟ್ಟಿಗೆ ಶಾಂತವಾಗಿರಲಿ.

ನಿನ್ನ ತಮ್ಮ,
ಮೇಷ್ಟ್ರು

ತಾ.ಕ. ಲಕೋಟೆ ಅಂಟಿಸುವ ಮೊದಲು. ಡಬ್ಬಿಗಳು ಲಾರಿಯಲ್ಲಿ ಕಳೆಯಲಿಲ್ಲ ಅಕ್ಕಾ. ಹೊಸ ಮನೆಯಲ್ಲಿ ಜಾಗ ಸಾಲದು ಎಂದು ಹಿಂದಿನ ದಿನವೇ ನಾನು ಗುಜರಿಯವನನ್ನು ಕರೆದಿದ್ದೆ. "ತಗಡು ಸಾಕು, ಒಳಗಿಂದು ಬೇಡ" ಎಂದ. ಗುಂಡಿಗಳನ್ನು ಕಸದ ತೊಟ್ಟಿಗೆ ಸುರಿದದ್ದು ನಾನೇ. ತುಂಬ ಹೊತ್ತು ಸದ್ದಾಯಿತು. ನಿನಗೆ ಆಗಲೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹಳೆಯ ದೃಶ್ಯವನ್ನು ಅಳಿಸಿಲ್ಲ, ಕಪಾಟಿನ ಬಾಗಿಲನ್ನೂ ತೆರೆದಿಲ್ಲ. ಏಪ್ರಿಲ್ ಒಂಬತ್ತಕ್ಕೆ ನಿನ್ನ ಹಡಗು ಬರುವಾಗ ನಾನೇ ಬಂದರಿಗೆ ಬರುವುದೆಂದು ತೀರ್ಮಾನಿಸಿದ್ದೇನೆ, ಕಂಪ್ಯೂಟರನ್ನೂ ಆ ಹಳೆಯ ನಿಧಾನದ ಕಾರ್ಡನ್ನೂ ಹೊತ್ತುಕೊಂಡು. ಬಾಗಿಲು ನೀನೇ ತೆರೆದು ಓಡಿಸು. ಬಯ್ಯಲು ಹನ್ನೊಂದು ನಿಮಿಷವಾದರೂ ಸಿಗುತ್ತದೆ. ರಜೆ ಇನ್ನೂ ಕೇಳಿಲ್ಲ. ನಾಳೆ ಪಟ್ಟಿ ಅಂಟಿಸಿದ ಮೇಲೆ ಕೇಳುತ್ತೇನೆ.